ಹುಡುಗಾಟವೆಂದು ನಕ್ಕುಬಿಡೋಣವೇ?



ಕುಳ್ಳ, ಕರಿಯ, ಡುಮ್ಮ, ಸೋಡಾಬುಡ್ಡಿ, ಕಡ್ಡಿ ಪೈಲ್ವಾನ್. ನಿಮ್ಮ ಮಗುವಿಗೆ ಜ್ಞಾನಸ್ನಾನದ ದಿನ ನೀವು ಇಟ್ಟ ಹೆಸರು ನಿಮಗೆ ಗೊತ್ತು. ಶಾಲೆಯಲ್ಲಿ ಅದಕ್ಕೆ ಬೇರೆಯವರು ಇಟ್ಟಿರುವ ಹೆಸರು ಯಾವುದೆಂದು ಎಂದಾದರೂ ಕೇಳಿದ್ದೀರಾ? ಕೇಳಿದರೂ ಮಗು ಥಟ್ಟನೆ ಹೇಳಲಾರದು. ಹೇಳಿದರೆ ಮನೆಯಲ್ಲೂ ಅದೇ ಹೆಸರು ಅಂಟಿಕೊಂಡೀತೆಂಬ ಭಯ ಅದಕ್ಕೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಅಡ್ಡಹೆಸರಿಲ್ಲದ ಮನುಷ್ಯನನ್ನು ಹುಡುಕುವುದು ಕಷ್ಟ. ಎಷ್ಟೋ ಅಡ್ಡಹೆಸರುಗಳಲ್ಲಿ ಪ್ರೀತಿಯೂ ಇರುತ್ತದೆ, ನಿಜ. ಅಂಥವುಗಳ ಮಾತು ನಾನು ಆಡುತ್ತಿಲ್ಲ. ಒಂದು ಮಗು ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆನೋವು ಎನ್ನುವಂತೆ ಮಾಡುವ ಹೆಸರುಗಳ ವಿಷಯ ನನ್ನದು.

ಇದರ ಬಗ್ಗೆ ಜಪಾನ್ ದೇಶದ ಚಿತ್ರಕಾರರೊಬ್ಬರು ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಮಾಡಿದ್ದಾರೆ. ಅವರ ಹೆಸರು ತಾರೋ ಯಾಶಿಮಾ. 1908ರಲ್ಲಿ ಜಪಾನಿನ ದಕ್ಷಿಣ ತುದಿಯ ಕಾಗೋಶಿಮಾ ಪ್ರಾಂತ್ಯದಲ್ಲಿ ಹುಟ್ಟಿದವರು. ತಮ್ಮ ದೇಶದ ಯುದ್ಧದಾಹವನ್ನು ವಿರೋಧಿಸಿ ಸೆರೆಮನೆ ಕಂಡವರು. 1939ರಲ್ಲಿ ಹೆಂಡತಿಯೊಡನೆ ಅಮೆರಿಕಕ್ಕೆ ಹೋದವರು. 1955ರಲ್ಲಿ ಅವರು ಬರೆದು ಚಿತ್ರಿಸಿದ 'ಕ್ರೋ ಬಾಯ್', ಎಂದರೆ 'ಕಾಗೆ ಹುಡುಗ', ದೊಡ್ಡವರು ಹತ್ತು ನಿಮಿಷದಲ್ಲಿ ಓದಿ ಮುಗಿಸಬಹುದಾದ ಪುಸ್ತಕ.

ಕಥೆ ಇಷ್ಟೇ. ಹಳ್ಳಿಯ ಶಾಲೆಯ ಮೊದಲ ದಿನವೇ ಒಬ್ಬ ಹುಡುಗ ಕಾಣೆಯಾಗುತ್ತಾನೆ. ಹುಡುಕಿದರೆ ಶಾಲೆಯ ನೆಲಹಲಗೆಗಳ ಕೆಳಗಿನ ಕತ್ತಲಲ್ಲಿ ಅಡಗಿದ್ದಾನೆ. ಅವನಿಗೆ ಮೇಷ್ಟರೆಂದರೂ ಭಯ, ಮಕ್ಕಳೆಂದರೂ ಭಯ. ಗಾತ್ರದಲ್ಲಿ ಚಿಕ್ಕವನಾದ್ದರಿಂದ ಉಳಿದವರು ಅವನಿಗೆ 'ಚಿಬಿ' ಎಂದು ಹೆಸರಿಡುತ್ತಾರೆ. ನಮ್ಮ 'ಕುಳ್ಳ' ಇದ್ದ ಹಾಗೆ. ಪಾಠದಲ್ಲಿ ಕೊನೆ, ಸಾಲಿನಲ್ಲಿ ಕೊನೆ, ಆಟಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ತಾನು ನೋಡಲೊಲ್ಲದ್ದು ಕಣ್ಣಿಗೆ ಬೀಳದಿರಲೆಂದು ಅವನು ಮೆಳ್ಳೆಗಣ್ಣು ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳುತ್ತಾನೆ. ಗಂಟೆಗಟ್ಟಲೆ ಮಾಡಿನ ಹಲಗೆಗಳನ್ನು ನೋಡುತ್ತಾ ಕುಳಿತುಬಿಡುತ್ತಾನೆ. ಹೀಗೆ ಐದು ವರ್ಷ ಕಳೆಯುತ್ತದೆ. ಆದರೂ ಮಳೆಯಿರಲಿ, ಗಾಳಿಯಿರಲಿ, ಒಂದು ದಿನವೂ ಶಾಲೆ ತಪ್ಪಿಸುವುದಿಲ್ಲ.

ಆರನೆಯ ವರ್ಷ ಇಸೋಬೆ ಎಂಬ ಹೊಸ ಮೇಷ್ಟರು ಬರುತ್ತಾರೆ. ಯಾಶಿಮಾ ತಮ್ಮ ಬಾಲ್ಯದ ಗುರುಗಳೊಬ್ಬರನ್ನೇ ಈ ಪಾತ್ರದಲ್ಲಿ ಚಿತ್ರಿಸಿದ್ದಾರೆ. ಈ ಮೇಷ್ಟರು ಯಾವ ಪವಾಡವನ್ನೂ ಮಾಡುವುದಿಲ್ಲ. ಗುಡ್ಡಕ್ಕೆ ಕರೆದೊಯ್ದಾಗ ಕಾಡುದ್ರಾಕ್ಷಿ ಎಲ್ಲಿ ಸಿಗುತ್ತದೆಂಬುದು ಈ ಹುಡುಗನೊಬ್ಬನಿಗೇ ಗೊತ್ತೆಂಬುದನ್ನು ಗಮನಿಸುತ್ತಾರೆ. ಬೇರೆ ಯಾರಿಗೂ ಓದಲಾಗದ ಅವನ ಕೈಬರಹವನ್ನು ಗೋಡೆಗೆ ಹಾಕುತ್ತಾರೆ. ಯಾರೂ ಇಲ್ಲದಾಗ ಅವನ ಜೊತೆ ಮಾತಾಡುತ್ತಾರೆ. ವರ್ಷದ ಕೊನೆಗೆ ಶಾಲೆಯ ಮನರಂಜನಾ ಕಾರ್ಯಕ್ರಮದಲ್ಲಿ ಹುಡುಗ ವೇದಿಕೆ ಏರಿ ಕಾಗೆಗಳ ಕೂಗನ್ನು ಅನುಕರಿಸುತ್ತಾನೆ. ಮರಿಕಾಗೆಯ ಕೂಗು, ತಾಯಿಕಾಗೆಯ ಕೂಗು, ಊರಿನವರಿಗೆ ಏನಾದರೂ ಅವಘಡವಾದಾಗ ಕಾಗೆಗಳು ಕೂಗುವ ರೀತಿ. ದೂರದ ಬೆಟ್ಟದ ಮನೆಯಿಂದ ಅವನು ದಿನವೂ ಬೆಳಗಿನ ಜಾವ ಹೊರಟು ಸೂರ್ಯ ಮುಳುಗುವ ಹೊತ್ತಿಗೆ ಮನೆ ಸೇರುತ್ತಿದ್ದನೆಂದೂ, ಆ ದಾರಿಯಲ್ಲೇ ಇದನ್ನೆಲ್ಲ ಕಲಿತನೆಂದೂ ಮೇಷ್ಟರು ಹೇಳುತ್ತಾರೆ. ಕೇಳಿದ ಮಕ್ಕಳೆಲ್ಲ ಅಳುತ್ತಾರೆ.

ಈ ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೊಂದು. ಕಥೆ ಹೇಳುವವನು ಆ ಹುಡುಗನಲ್ಲ. 'ನಾವು', 'ನಮ್ಮ ಶಾಲೆ' ಎಂದು ಉಳಿದ ಮಕ್ಕಳೇ ಹೇಳುತ್ತಾರೆ. ನೋಯಿಸಿದವರು, ನೋಡಿಯೂ ಸುಮ್ಮನಿದ್ದವರು ಹೇಳುವ ಕಥೆ ಇದು. ಪೆಟ್ಟು ತಿಂದವನು ಬರೆದ ಪುಸ್ತಕಗಳು ಬಹಳ. ಪಕ್ಕದಲ್ಲಿ ಕುಳಿತಿದ್ದವರು ಬರೆದವು ವಿರಳ.

ಇಲ್ಲಿಂದ ನಮ್ಮ ಪ್ರಶ್ನೆ ಆರಂಭವಾಗುತ್ತದೆ. ಮಕ್ಕಳ ಗೇಲಿ ಪಾಪವೇ? "ಮಕ್ಕಳಾಟ, ಬಿಡಿ ಫಾದರ್" ಎನ್ನುವವರೇ ಹೆಚ್ಚು. ಪಾಪನಿವೇದನೆಗೆ ಮಕ್ಕಳನ್ನು ಸಿದ್ಧಪಡಿಸುವಾಗ ನಾವು ಕಲಿಸುವ ಪಟ್ಟಿಯನ್ನೇ ನೆನಪು ಮಾಡಿಕೊಳ್ಳಿ. ಸುಳ್ಳು ಹೇಳಿದೆನೇ, ಕದ್ದೆನೇ, ಅಪ್ಪ ಅಮ್ಮನಿಗೆ ಎದುರುತ್ತರ ಕೊಟ್ಟೆನೇ, ಭಾನುವಾರದ ಪೂಜೆ ತಪ್ಪಿಸಿದೆನೇ? ಯಾರನ್ನಾದರೂ ಹಂಗಿಸಿ ನಕ್ಕೆನೇ ಎಂಬ ಪ್ರಶ್ನೆ ಅದರಲ್ಲಿ ಬಹುಮಟ್ಟಿಗೆ ಇರುವುದೇ ಇಲ್ಲ.

ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆಂದರೆ ನಿಮಗೆ ಆಶ್ಚರ್ಯವಾಗಬಹುದು. ಅವರ 'ಸುಮ್ಮಾ' ಮಹಾಗ್ರಂಥದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ 75ನೆಯ ಪ್ರಶ್ನೆ ಪೂರ್ತಿ ಗೇಲಿಯನ್ನೇ ಕುರಿತದ್ದು. ಎದುರಿಗೆ ಬೈಯುವವನು ಮನುಷ್ಯನ ಗೌರವ ಕೀಳುತ್ತಾನೆ, ಬೆನ್ನ ಹಿಂದೆ ಆಡಿಕೊಳ್ಳುವವನು ಅವನ ಹೆಸರು ಕೆಡಿಸುತ್ತಾನೆ, ಗೇಲಿ ಮಾಡುವವನ ಉದ್ದೇಶ ಅವನು ನಾಚಿ ಕುಗ್ಗಬೇಕೆಂಬುದು. ಆದ್ದರಿಂದ ಗೇಲಿ ಬೇರೆಯೇ ಒಂದು ಪಾಪ ಎನ್ನುತ್ತಾರೆ ಅವರು. ಹಾಗಾದರೆ ಅದು ಅಲ್ಪವೋ ಘೋರವೋ? ಇಲ್ಲಿ ಒಂದು ಸೂಕ್ಷ್ಮ ವ್ಯತ್ಯಾಸ ತೋರಿಸುತ್ತಾರೆ. ಒಬ್ಬನ ಕೊರತೆ ನಿಜವಾಗಿಯೂ ಚಿಕ್ಕದಾಗಿದ್ದು ನಾವು ಅದನ್ನು ತಮಾಷೆ ಮಾಡಿದರೆ ಅದು ಹಗುರ. ಆದರೆ ಕೊರತೆ ಅನುಭವಿಸುವ ಮನುಷ್ಯನೇ ನಮ್ಮ ಕಣ್ಣಿಗೆ ಚಿಕ್ಕವನೆಂಬ ಕಾರಣಕ್ಕೆ ಅದನ್ನು ಚಿಕ್ಕದೆಂದುಕೊಂಡರೆ? ಮಕ್ಕಳ ಮತ್ತು ಬುದ್ಧಿ ಕಡಿಮೆಯಿರುವವರ ಕಷ್ಟಗಳನ್ನು ನಾವು ಲೆಕ್ಕಕ್ಕಿಡುವುದಿಲ್ಲವಲ್ಲ, ಅದನ್ನೇ ಅವರು ಉದಾಹರಣೆಯಾಗಿ ಕೊಡುತ್ತಾರೆ. ಹಾಗೆ ನಗುವುದೆಂದರೆ ಆ ಮನುಷ್ಯನನ್ನೇ ಕವಡೆಗಿಂತ ಕಡೆಯಾಗಿ ಕಂಡಂತೆ. ಅದು ಮಾರಕ ಪಾಪ, ಬೈಗುಳಕ್ಕಿಂತಲೂ ಹೆಚ್ಚಿನದು. ಏಕೆಂದರೆ ಬೈಯುವವನು ಇನ್ನೊಬ್ಬನಿಗಾಗುವ ಕೇಡನ್ನು ಗಂಭೀರವಾಗಿ ತೆಗೆದುಕೊಂಡೇ ಬೈಯುತ್ತಾನೆ. ಗೇಲಿ ಮಾಡುವವನಿಗೆ ಅದು ಆಟ.

ಈಗ "ಮಕ್ಕಳಾಟ, ಬಿಡಿ" ಎಂಬ ಮಾತನ್ನು ಮತ್ತೊಮ್ಮೆ ತೂಗಿ ನೋಡಿ. ಮಗುವಿನ ನೋವು ಚಿಕ್ಕದು, ಏಕೆಂದರೆ ಮಗು ಚಿಕ್ಕದು. ಅಕ್ವಿನಾಸರು ಹೇಳಿದ ಎರಡನೆಯ ಬಗೆ ಇದೇ ಅಲ್ಲವೇ? ಹತ್ತು ವರ್ಷದ ಹುಡುಗ ಇನ್ನೊಬ್ಬನನ್ನು ಕೆಣಕಿದಾಗ ಅವನಿಗೆ ಪೂರ್ಣ ತಿಳಿವಳಿಕೆಯಾಗಲಿ, ಪೂರ್ಣ ಸಮ್ಮತಿಯಾಗಲಿ ಇರಲಾರದು. ಅವನ ತಪ್ಪನ್ನು ಅಷ್ಟರಮಟ್ಟಿಗೆ ಹಗುರವಾಗಿಯೇ ಎಣಿಸಬೇಕು. ಅದನ್ನು ನೋಡಿ ನಕ್ಕು ಕೈತೊಳೆದುಕೊಳ್ಳುವ ನಲವತ್ತು ವರ್ಷದವರಿಗೆ ಆ ರಿಯಾಯಿತಿ ಸಿಗದು. ಗೇಲಿಯನ್ನು ಆರಂಭಿಸಿದವನು ಹುಡುಗ, ಪೂರ್ಣಗೊಳಿಸಿದವರು ನಾವು.

ಅಕ್ವಿನಾಸರಿಗೂ ಒಂದು ಅಡ್ಡಹೆಸರಿತ್ತು. ಕಲೋನ್ ನಗರದಲ್ಲಿ ಓದುವಾಗ ಮೈ ದಪ್ಪ, ಮಾತು ಕಡಿಮೆ. ಸಹಪಾಠಿಗಳು 'ಮೂಕ ಎತ್ತು' ಎನ್ನುತ್ತಿದ್ದರೆಂದು ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ. ಗುರುಗಳಾದ ಮಹಾ ಆಲ್ಬರ್ಟರು, ಈ ಎತ್ತಿನ ಕೂಗು ಒಂದು ದಿನ ಇಡೀ ಲೋಕಕ್ಕೆ ಕೇಳಿಸುತ್ತದೆ ನೋಡಿ ಎಂದರಂತೆ. (ಅಮೃತ ಮಹಲ್ ತಳಿಯ ಅಜ್ಜಂಪುರದವರು ಎತ್ತು ಎಂಬುದನ್ನು ಬೈಗುಳವೆಂದು ಒಪ್ಪಲಿಕ್ಕಿಲ್ಲ. ಅದು ಬೇರೆ ಮಾತು.) ಗೇಲಿಯ ಪ್ರಶ್ನೆ ಬರೆಯುವಾಗ ಅವರಿಗೆ ಆ ತರಗತಿ ನೆನಪಾಗಿತ್ತೋ ಏನೋ.

ದೊಡ್ಡವರ ನಗುವಿನ ಬಗ್ಗೆ ಸಂತ ಅಗಸ್ಟೀನರು ಇನ್ನೂ ನೇರವಾಗಿ ಬರೆಯುತ್ತಾರೆ. ಬಾಲಕನಾಗಿದ್ದಾಗ ಶಾಲೆಯಲ್ಲಿ ಏಟು ಬೀಳದಿರಲೆಂದು ಅವರು ದೇವರನ್ನು ಬೇಡಿಕೊಳ್ಳುತ್ತಿದ್ದರು. ಚಿಕ್ಕವನಾದರೂ ಆ ಬೇಡಿಕೆ ಚಿಕ್ಕದಾಗಿರಲಿಲ್ಲ. ಆದರೆ ಹಿರಿಯರು, ಸ್ವಂತ ತಂದೆತಾಯಿಗಳೂ ಸಹ, ಮೈಮೇಲಿನ ಬಾಸುಂಡೆಗಳನ್ನು ಕಂಡು ನಗುತ್ತಿದ್ದರು. 'ಪಾಪನಿವೇದನೆಗಳು' ಗ್ರಂಥದ ಮೊದಲ ಭಾಗದಲ್ಲಿ ಈ ಮಾತಿದೆ. ಬಿಷಪರಾಗಿ, ನಲವತ್ತು ದಾಟಿದ ಮೇಲೆ ಬರೆದದ್ದು. ಆ ತಾಯಿ ಯಾರು? ಸಂತ ಮೋನಿಕಾ! ಸಂತಳಾದ ತಾಯಿಯೂ ಮಗುವಿನ ನೋವನ್ನು ಕಾಣದೆ ಹೋಗಬಹುದಾದರೆ, ನಾವು ನೀವು ಎಚ್ಚರದಿಂದಿರುವುದು ಒಳ್ಳೆಯದು.

ಕಳೆದ ವರ್ಷ ಅಜ್ಜಂಪುರದ ಕಡೆಯ ಒಬ್ಬ ತಾಯಿ ಭಾನುವಾರದ ಪೂಜೆ ಮುಗಿದ ಮೇಲೆ ನನಗಾಗಿ ಕಾದು ನಿಂತಿದ್ದರು. ಮಗ ಐದನೆಯ ತರಗತಿ. ಸೋಮವಾರ ಬಂತೆಂದರೆ ಹೊಟ್ಟೆನೋವು. ಡಾಕ್ಟರಿಗೆ ತೋರಿಸಿದರೆ ಏನೂ ಇಲ್ಲ. ಕೊನೆಗೆ ಅಜ್ಜಿಯ ಹತ್ತಿರ ಬಾಯಿಬಿಟ್ಟನಂತೆ. ಮಾತಾಡುವಾಗ ಸ್ವಲ್ಪ ತೊದಲುತ್ತಾನೆ. ಮೂವರು ಹುಡುಗರು ದಿನವೂ ಅವನಂತೆಯೇ ತೊದಲಿ ತೋರಿಸುತ್ತಾರೆ, ಬುತ್ತಿ ಬಚ್ಚಿಡುತ್ತಾರೆ, ಉಳಿದ ಇಡೀ ತರಗತಿ ನಗುತ್ತದೆ. ಅವನ ತಂದೆ, "ಗಂಡುಹುಡುಗ, ನಾಲ್ಕು ಬಾರಿಸಿ ಬಾ" ಎಂದಿದ್ದರು. ಬಂಧುಗಳೊಬ್ಬರು, "ಯೇಸುಸ್ವಾಮಿ ಇನ್ನೊಂದು ಕೆನ್ನೆ ತೋರಿಸು ಅಂದಿದ್ದಾರೆ, ಕ್ಷಮಿಸಿ ಸುಮ್ಮನಿರಲಿ" ಎಂದಿದ್ದರು. ತಾಯಿ ನನ್ನನ್ನು ಕೇಳಿದ್ದು: "ಫಾದರ್, ನನ್ ಮಗ ತಿರುಗಿ ಹೊಡೆದ್ರೆ ಪಾಪ ಬರುತ್ತಾ? ಹೊಡೀದೆ ಇದ್ರೆ ಅವನು ಬದುಕೋದು ಹೇಗೆ?"

ಈ ಎರಡು ಸಲಹೆಗಳಲ್ಲಿ ಎರಡನೆಯದೇ ನನಗೆ ಹೆಚ್ಚು ಕಳವಳ ತಂದಿತೆಂದು ಹೇಳಬೇಕು. ಏಕೆಂದರೆ ಅದರಲ್ಲಿ ಶುಭಸಂದೇಶದ ಹೆಸರಿದೆ. ಯೇಸುಸ್ವಾಮಿ ತನ್ನ ಕೆನ್ನೆ ಒಡ್ಡಲು ಹೇಳಿದ್ದು ಕೆನ್ನೆಯ ಒಡೆಯನಿಗೆ. ಬೇರೆಯವರ ಮಗನ ಕೆನ್ನೆಯನ್ನು ಒಡ್ಡಿಸಿ ಎಂದು ನಮಗೆ ಅಪ್ಪಣೆ ಕೊಟ್ಟಿಲ್ಲ. ಸ್ವತಃ ಅವರೇ ಏನು ಮಾಡಿದರು? ಸಂತ ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯ ತೆಗೆಯಿರಿ. ವಿಚಾರಣೆಯ ವೇಳೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ. ಸುಮ್ಮನೆ ಇನ್ನೊಂದು ಕೆನ್ನೆ ತೋರಿಸಲೂ ಇಲ್ಲ. ನಾನು ತಪ್ಪು ಆಡಿದ್ದರೆ ತೋರಿಸು, ಆಡಿಲ್ಲದಿದ್ದರೆ ಏಕೆ ಹೊಡೆಯುತ್ತೀ ಎಂದು ಎಲ್ಲರೆದುರು ಕೇಳಿದರು. ದ್ವೇಷವಿಲ್ಲದೆ ಅನ್ಯಾಯವನ್ನು ಅನ್ಯಾಯವೆಂದು ಕರೆಯುವ ಮೂರನೆಯ ದಾರಿ ಇದು. ಅಕ್ವಿನಾಸರು ಕೂಡ, ಅವಮಾನವನ್ನು ತಾಳುವ ಮನಸ್ಸು ಸದಾ ಸಿದ್ಧವಿರಬೇಕಾದರೂ ಕೆಲವೊಮ್ಮೆ ಅದನ್ನು ತಡೆಯಲೇಬೇಕು ಎನ್ನುತ್ತಾರೆ. ಮುಖ್ಯವಾಗಿ ಅವಮಾನ ಮಾಡುವವನ ಹಿತಕ್ಕಾಗಿಯೇ, ಅವನ ಭಂಡಧೈರ್ಯ ಬೆಳೆಯದಿರಲೆಂದು.

ಹಿಡಿದವರ ಕೈಯಿಂದ ಬಿಡಿಸಿಕೊಳ್ಳಲು ತಳ್ಳಿದರೆ ಅದು ಪಾಪವಲ್ಲ, ಮಾರನೆಯ ದಿನ ಹೊಂಚು ಹಾಕಿ ಹೊಡೆದರೆ ಅದು ಸೇಡು ಎಂದು ನಾನು ಆ ತಾಯಿಗೆ ಹೇಳಿದೆ. ಆದರೆ ಹೊಡೆಯಬೇಕೋ ಸಹಿಸಬೇಕೋ ಎಂಬ ಭಾರವನ್ನು ಹತ್ತು ವರ್ಷದ ಹೆಗಲ ಮೇಲೆ ಹೊರಿಸುವುದೇ ಸರಿಯಲ್ಲ. ಅದು ದೊಡ್ಡವರು ಹೊರಬೇಕಾದ ಭಾರ. ಗಂಡಹೆಂಡತಿ ಇಬ್ಬರೂ ಕೂಡಿ ಶಾಲೆಗೆ ಹೋದರು. ಮೊದಲ ಬಾರಿ ಅಲ್ಲಿಯೂ "ಮಕ್ಕಳಾಟ" ಎಂಬ ಉತ್ತರವೇ ಸಿಕ್ಕಿತು. ಎರಡನೆಯ ಬಾರಿ ಯಾವ ದಿನ ಏನಾಯಿತೆಂದು ಬರೆದುಕೊಂಡು ಹೋದರು. ಆಗ ಕೇಳಿಸಿಕೊಂಡರು. ಆ ಮೂವರಲ್ಲಿ ಒಬ್ಬ ನಮ್ಮ ಧರ್ಮೋಪದೇಶ ತರಗತಿಯ ಹುಡುಗನೇ. ಹುಡುಗನ ಹೊಟ್ಟೆನೋವು ಈಗ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ.

ಅವನು ತನ್ನ ಅಜ್ಜಿಗೆ ಹೇಳಿದ್ದರಲ್ಲಿ ಒಂದು ಮಾತು ನನಗೆ ಮರೆಯುವುದಿಲ್ಲ. ಆ ಮೂವರಿಗಿಂತ, ಪಕ್ಕದಲ್ಲಿ ಕೂರುವ ಗೆಳೆಯ ನಕ್ಕದ್ದು ಅವನಿಗೆ ಹೆಚ್ಚು ನೋವಾಗಿತ್ತಂತೆ. ಗುಂಪಿನ ನಗುವಿಗೆ ಅಂಥ ಬಲವಿದೆ. ಅಗಸ್ಟೀನರು ಹುಡುಗರಾಗಿದ್ದಾಗ ಪೇರಳೆ ಹಣ್ಣು ಕದ್ದದ್ದು ಹಸಿವಿಗಲ್ಲ. ಒಬ್ಬನೇ ಆಗಿದ್ದರೆ ಖಂಡಿತ ಕದಿಯುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ. ಮುಂದೆ ಕಾರ್ಥೇಜಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ಪೀಡಿಸುವ ಪುಂಡರ ಗುಂಪಿನ ಜೊತೆ ಓಡಾಡಿದರು. ತಾನು ಪೀಡಿಸಲಿಲ್ಲ, ಆದರೆ ಅವರಷ್ಟು ನಾಚಿಕೆಗೇಡಿಯಾಗಲಿಲ್ಲವಲ್ಲ ಎಂದೇ ನಾಚುತ್ತಿದ್ದರಂತೆ! ನಮ್ಮ ಕಾಲದ ಸಂಶೋಧಕರೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಾರೆ. ನಾರ್ವೆ ದೇಶದಲ್ಲಿ 1982ರ ಕೊನೆಗೆ ಮೂವರು ಬಾಲಕರು ಸಹಪಾಠಿಗಳ ಕಾಟದ ಹಿನ್ನೆಲೆಯಲ್ಲಿ ಪ್ರಾಣ ಕಳೆದುಕೊಂಡ ಮೇಲೆ, 1983ರಲ್ಲಿ ಇಡೀ ದೇಶದ ಶಾಲೆಗಳಲ್ಲಿ ಆಂದೋಲನವೇ ನಡೆಯಿತು. ಅದಕ್ಕೆ ದಾರಿ ತೋರಿದವರು ಡಾನ್ ಓಲ್ವೇಯಸ್ ಎಂಬ ಮನಃಶಾಸ್ತ್ರಜ್ಞರು. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದ್ದು, ಇಂಥ ಕಾಟದಲ್ಲಿ ಕಾಡುವವನು ಮತ್ತು ಕಾಡಿಸಿಕೊಳ್ಳುವವನು ಇಬ್ಬರೇ ಇರುವುದಿಲ್ಲ, ಇಡೀ ತರಗತಿಗೆ ಅದರಲ್ಲಿ ಪಾಲಿರುತ್ತದೆ ಎಂಬುದನ್ನು. ನಗುವವರು, ಸೇರಿಕೊಳ್ಳುವವರು, ಮುಖ ತಿರುಗಿಸುವವರು, ಅಪರೂಪಕ್ಕೆ ಪರವಾಗಿ ನಿಲ್ಲುವವನೊಬ್ಬ. ಜಪಾನಿನಲ್ಲಿಯೂ 2011ರಲ್ಲಿ ಓತ್ಸು ನಗರದ ಬಾಲಕನೊಬ್ಬನ ಸಾವಿನ ನಂತರ, 2013ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಬಂತು. ಈಗಂತೂ ಶಾಲೆಯ ಗಂಟೆ ಹೊಡೆದ ಮೇಲೂ ಬಿಡುಗಡೆಯಿಲ್ಲ. ಮೊಬೈಲಿನ ಗುಂಪಿನಲ್ಲಿ ರಾತ್ರಿಯೂ ನಗು ನಡೆಯುತ್ತಿರುತ್ತದೆ.

ಬಲಿಪೂಜೆಯ ಆರಂಭದಲ್ಲಿ ನಾವು ಆಲೋಚನೆ, ಮಾತು, ಕೃತಿಗಳಿಂದ ಮಾಡಿದ ಪಾಪಗಳೊಡನೆ ಕರ್ತವ್ಯಲೋಪವನ್ನೂ ಒಪ್ಪಿಕೊಳ್ಳುತ್ತೇವೆ. ಆ ಕೊನೆಯ ಪದವನ್ನು ಮಕ್ಕಳಿಗೆ ವಿವರಿಸಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಕೆಣಕುವ ಮಾತುಗಳನ್ನು ಮಕ್ಕಳು ಎಲ್ಲಿಂದ ತರುತ್ತಾರೆ? ಕನ್ನಡದಲ್ಲಿಯೂ ಸಿಗುವ 'ತೊತ್ತೋಚಾನ್' ಪುಸ್ತಕದಲ್ಲಿ (ಜಪಾನಿನಲ್ಲಿ 1981ರಲ್ಲಿ ತೆತ್ಸುಕೊ ಕುರೋಯಾನಗಿ ಬರೆದದ್ದು) ಒಂದು ಪ್ರಸಂಗವಿದೆ. ಕೊರಿಯಾ ಮೂಲದ ಹುಡುಗನೊಬ್ಬ ಜಪಾನೀ ಹುಡುಗಿ ತೊತ್ತೋಚಾನಳನ್ನು ಕಂಡು 'ಕೊರಿಯದವಳೇ' ಎಂದು ಕಿರುಚುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ. ಮನೆಗೆ ಬಂದು ಹೇಳಿದಾಗ ತಾಯಿ ಕಣ್ಣೀರಾಗುತ್ತಾಳೆ. ಎಲ್ಲರೂ ಅವನನ್ನು ಹಾಗೆಂದೇ ಹೀಯಾಳಿಸುವುದರಿಂದ ಅದೊಂದು ಬೈಗುಳವೆಂದೇ ಆ ಮಗು ತಿಳಿದುಬಿಟ್ಟಿದೆ. ಅದೇ ಪುಸ್ತಕದಲ್ಲಿ, ಬೆಳವಣಿಗೆ ನಿಂತ ಪುಟ್ಟ ಹುಡುಗನೊಬ್ಬನಿಗೆ ಶಿಕ್ಷಕಿಯೊಬ್ಬರು ಪಾಠದ ನಡುವೆ, ನಿನಗೇನು ಬಾಲವಿದೆಯೇ ಎಂದು ಕೇಳಿಬಿಡುತ್ತಾರೆ. ಮನಸ್ಸಿನಲ್ಲಿ ಕೆಡುಕಿರಲಿಲ್ಲ. ಆದರೂ ಮುಖ್ಯೋಪಾಧ್ಯಾಯರು ಅವರನ್ನು ಒಳಗೆ ಕರೆದು, ಆ ಮಾತು ಆ ಹುಡುಗನಿಗೆ ಹೇಗೆ ಕೇಳಿಸಿರಬಹುದೆಂದು ವಿಚಾರಿಸುತ್ತಾರೆ.

ನಮ್ಮಲ್ಲಿ ಜಪಾನಿಗಿಂತ ಹಳೆಯ ಗಾಯವಿದೆ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ಬರದಿದ್ದರೆ ಬಾಯಾರಿಕೆಗೆ ನೀರಿಲ್ಲ. ನಮ್ಮ ನಾಡಿನ ಅರವಿಂದ ಮಾಲಗತ್ತಿಯವರು 1994ರಲ್ಲಿ ಪ್ರಕಟಿಸಿದ 'ಗೌರ್ಮೆಂಟ್ ಬ್ರಾಹ್ಮಣ' ಆತ್ಮಕಥೆಯಲ್ಲಿ ಇಂಥದೇ ಶಾಲಾದಿನಗಳನ್ನು ಕಾಣುತ್ತೀರಿ. ಯಾವ ಮಗುವೂ ಹುಟ್ಟುವಾಗ ಜಾತಿಯ ಬೈಗುಳವನ್ನು ಕಲಿತು ಬರುವುದಿಲ್ಲ. ಊಟಕ್ಕೆ ಕುಳಿತಾಗ ತಾಂಡಾದವರ ಬಗ್ಗೆ, ತೋಟಕ್ಕೆ ಕೂಲಿಗೆ ಬರುವವರ ಬಗ್ಗೆ, ಅವರ ಬಣ್ಣ, ಅವರ ಭಾಷೆಯ ಬಗ್ಗೆ ನಾವು ಆಡುವ ಮಾತು ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಇರುತ್ತದೆ. ಕ್ರೈಸ್ತರಾದ ನಾವು ಇದಕ್ಕೆ ಹೊರತಲ್ಲ. ಪೂಜೆಯಲ್ಲಿ ಶಾಂತಿಯ ವಂದನೆ ಸಲ್ಲಿಸಿ, ಹೊರಬಂದು ಕೊಂಕಣಿಯವರ ಕನ್ನಡವನ್ನೋ ತಮಿಳರ ಕನ್ನಡವನ್ನೋ ಅಣಕಿಸುವವರನ್ನು ನೀವೂ ಕಂಡಿದ್ದೀರಿ.

ಅಜ್ಜಂಪುರ ಸೀತಾರಾಂ (1902–1963), ಅಂದರೆ ಕಥೆಗಾರ 'ಆನಂದ', ಬರೆದ 'ನಾನು ಕೊಂದ ಹುಡುಗಿ'ಯನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಅಲ್ಲಿ ಹುಡುಗಿಯ ಸಾವಿಗೆ ಕಾರಣವಾಗುವುದು ಕೈಯಲ್ಲ, ಮಾತು. ಅದೂ ಒಳ್ಳೆಯ ಉದ್ದೇಶದಿಂದ ಆಡಿದ ಮಾತು!

ಇನ್ನು ವ್ಯವಹಾರದ ಒಂದೆರಡು ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಟ ಮಿತಿಮೀರಿದರೆ 1098 ಮಕ್ಕಳ ಸಹಾಯವಾಣಿಗೆ ಮಗುವೂ ಫೋನು ಮಾಡಬಹುದು, ನೀವೂ ಮಾಡಬಹುದು. ಮಗು ಬದುಕೇ ಬೇಡವೆಂಬ ಮಾತಾಡಿದರೆ ಅದನ್ನು ನಾಟಕವೆನ್ನಬೇಡಿ, ಒಂಟಿಯಾಗಿ ಬಿಡಬೇಡಿ, ಆ ದಿನವೇ ವೈದ್ಯರನ್ನು ಕಾಣಿರಿ. ಸಾಯಂಕಾಲ "ಎಷ್ಟು ಮಾರ್ಕ್ಸ್ ಬಂತು" ಎನ್ನುವ ಬದಲು, "ಇವತ್ತು ಊಟಕ್ಕೆ ಯಾರ ಜೊತೆ ಕೂತಿದ್ದೆ? ಒಬ್ಬರೇ ಕೂತಿದ್ದವರು ಯಾರಾದರೂ ಇದ್ದರಾ?" ಎಂದು ಕೇಳಿ ನೋಡಿ. ಮೊದಲ ಪ್ರಶ್ನೆಗೆ ಬರುವ ಉತ್ತರದಲ್ಲಿ ನಿಮ್ಮ ಮಗುವಿನ ನೋವು ತಿಳಿಯಬಹುದು. ಎರಡನೆಯದರಲ್ಲಿ ಅದು ಇನ್ನೊಬ್ಬರಿಗೆ ಕೊಡುತ್ತಿರುವ ನೋವು.

ಕಾಡುವ ಮಗುವಿನ ತಂದೆತಾಯಿಗಳಿಗೂ ಒಂದು ಮಾತು ಹೇಳದೆ ಮುಗಿಸಲಾರೆ. ಆದಿಕಾಂಡದ 37ನೆಯ ಅಧ್ಯಾಯದಲ್ಲಿ ಅಣ್ಣಂದಿರು ಜೋಸೆಫನ ಅಂಗಿ ಕಿತ್ತು ಅವನನ್ನು ಬರಿದಾದ ಗುಂಡಿಗೆ ತಳ್ಳಿದರು. ಬಳಿಕ ಊಟಕ್ಕೆ ಕುಳಿತರು. ಅವನು ಅಂಗಲಾಚಿದನೆಂಬ ಸಂಗತಿಯನ್ನು ಆ ಅಧ್ಯಾಯ ಹೇಳುವುದೇ ಇಲ್ಲ. ಅದು ನಮಗೆ ತಿಳಿಯುವುದು ಐದು ಅಧ್ಯಾಯ ಕಳೆದ ಮೇಲೆ, ಅಣ್ಣಂದಿರ ಬಾಯಿಂದಲೇ, 20 ವರ್ಷಕ್ಕೂ ಮೀರಿ ಅವರ ಕಿವಿಯಲ್ಲೇ ಉಳಿದಿದ್ದ ಕೂಗಾಗಿ. ಜೋಸೆಫನೂ ಅವರನ್ನು ಕಂಡ ಕೂಡಲೇ ಅಪ್ಪಿಕೊಳ್ಳಲಿಲ್ಲ. ಕಿರಿಯ ತಮ್ಮ ಬೆನ್ಯಾಮೀನನನ್ನೂ ಹಾಗೆಯೇ ಕೈಬಿಡುತ್ತಾರೋ ಎಂದು ಪರೀಕ್ಷಿಸಿದ. ಅವನ ಬದಲು ನಾನು ಗುಲಾಮನಾಗಿರುತ್ತೇನೆ ಎಂದು ಯೂದ ಮುಂದೆ ಬಂದ ಮೇಲೆಯೇ ತಾನು ಯಾರೆಂದು ಹೇಳಿ ಅತ್ತ. ಕ್ಷಮೆ ಬಂತು, ಅನ್ನ ಬಂತು, ಇರಲು ನೆಲ ಬಂತು. ಈಜಿಪ್ಟಿನಲ್ಲಿ ಯಕೋಬನ 17 ವರ್ಷಗಳು ಕಳೆದವು. ಆದರೂ ಯಕೋಬ ತೀರಿಕೊಂಡ ಕೂಡಲೇ ಅಣ್ಣಂದಿರಿಗೆ ಮತ್ತೆ ಹೆದರಿಕೆ ಹುಟ್ಟಿತು. ಈಗ ಇವನು ಹಳೆಯದನ್ನು ತೀರಿಸಿಕೊಳ್ಳುತ್ತಾನೆಂದು, ತಂದೆಯ ಹೆಸರು ಹೇಳಿ ಕ್ಷಮೆ ಬೇಡಿ ಕಳುಹಿಸಿದರು. ಅಷ್ಟು ವರ್ಷ ಅವನ ಕೈಯ ಅನ್ನವನ್ನು ಅವರು ಹೆದರಿಕೊಂಡೇ ಉಂಡಿದ್ದರು. ಆ ಮಾತು ಕೇಳಿದಾಗ ಜೋಸೆಫ ಮತ್ತೆ ಅತ್ತನೆಂದು ಪವಿತ್ರ ಗ್ರಂಥ ಹೇಳುತ್ತದೆ.